ಸುಮಾತ್ರಾ ಗಾಳಿ ಬರುವ ಮುಂಚಿನ ಕೆರೆ

ಬೆಡೋಕ್ ರಿಸರ್ವಾಯರನ್ನು ನಾವು ಮನೆಯಲ್ಲಿ ಕೆರೆ ಎಂದೇ ಕರೆಯುತ್ತಿದ್ದೆವು. ನಮ್ಮ ಫ್ಲ್ಯಾಟಿನ ಅಡುಗೆಮನೆ ಕಿಟಕಿಯಿಂದ ನೋಡಿದರೆ ಎರಡು ಬ್ಲಾಕುಗಳ ಸಂದಿಯಲ್ಲಿ ಅದರ ನೀರು ಒಂದು ಚೂರು ಕಾಣುತ್ತಿತ್ತು. ಸಿಂಗಪುರಕ್ಕೆ ಬಂದು ಕೆಲವು ವರ್ಷ ನಾನು ಆ ಚೂರನ್ನು ಪಾತ್ರೆ ತೊಳೆಯುತ್ತಾ ನೋಡಿದ್ದೆನೇ ಹೊರತು ಹತ್ತಿರ ಹೋಗಿ ನಿಂತವನಲ್ಲ.

ಹೋಗುವಂತೆ ಮಾಡಿದ್ದು ಆಫೀಸಿನ ಗೆಳೆಯ. ಪಾಯಾ ಲೆಬಾರ್‌ನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ, ಫಿಲಿಪೀನ್ಸ್‌ನವನು. ಕೆಲಸ ಬಿಟ್ಟು ತನ್ನ ಊರಿಗೆ ಹೊರಟಾಗ ಮೀನು ಹಿಡಿಯುವ ರಾಡು, ದಾರ ಸುತ್ತುವ ರೀಲು, ಒಂದು ಪ್ಲಾಸ್ಟಿಕ್ ಡಬ್ಬಿ ಇಷ್ಟನ್ನೂ ನನ್ನ ಮೇಜಿನ ಮೇಲೆ ಇಟ್ಟು, "ನೀನು ನೀರಿನ ಪಕ್ಕದಲ್ಲೇ ಇದ್ದೀಯ, ಇದು ನಿನಗೇ ಸೇರಬೇಕು" ಎಂದು ಬೆನ್ನು ತಟ್ಟಿದ. ಡಬ್ಬಿಯ ತುಂಬ ಬೆರಳುದ್ದದ ಹುಸಿಮೀನುಗಳು. ಕಣ್ಣು ಬರೆದಿದ್ದರು, ಬೆನ್ನಿಗೆ ಬಣ್ಣ ಬಳಿದಿದ್ದರು, ಹೊಟ್ಟೆಯ ಕೆಳಗೆ ಕೊಕ್ಕೆಗಳು ನೇತಾಡುತ್ತಿದ್ದವು. ಇಲ್ಲಿನ ಕೆರೆಗಳಲ್ಲಿ ಎರೆಹುಳ ಹಾಕಿ ಮೀನು ಹಿಡಿಯುವಂತಿಲ್ಲ, ಇಂಥ ಹುಸಿಮೀನನ್ನೇ ಎಸೆಯಬೇಕು, ಅದೂ ಬೋರ್ಡು ನೆಟ್ಟಿರುವ ದಂಡೆಯಲ್ಲಿ ಮಾತ್ರ. ಮೈಸೂರಿನ ಸಸ್ಯಾಹಾರಿ ಮನೆಯಲ್ಲಿ ಬೆಳೆದ ನನಗೆ ಆ ನಿಯಮದಿಂದ ಎಷ್ಟೋ ಸಮಾಧಾನವಾಯಿತು. ಹುಳವನ್ನು ಚುಚ್ಚುವ ಕೆಲಸವಂತೂ ಇರಲಿಲ್ಲ.

ಮೊದಲ ಮೀನು ಸಿಕ್ಕಿದ್ದು ಎಷ್ಟೋ ಭಾನುವಾರಗಳ ನಂತರ, ಒಂದು ಮಟಮಟ ಮಧ್ಯಾಹ್ನ. ಜಾಗಿಂಗ್ ಮಾಡುವವರೂ ಮನೆ ಸೇರಿದ್ದರು. ಬಿಸಿಲಿಗೆ ರಾಡಿನ ಹಿಡಿ ಕಾದಿತ್ತು. ಹುಸಿಮೀನನ್ನು ಎಳೆದುಕೊಳ್ಳುತ್ತಿದ್ದಂತೆ ಅದರ ಹಿಂದೆ ನೀರು ಉಬ್ಬಿತು, ಆಮೇಲೆ ಯಾರೋ ಕೆಳಗಿನಿಂದ ದಾರವನ್ನು ಕಿತ್ತುಕೊಂಡ ಹಾಗಾಯಿತು. ಎಳೆದಾಡಿ ದಂಡೆಗೆ ತಂದಾಗ ನನಗೆ ಉಸಿರೇ ಸರಿಯಾಗಿ ಬರುತ್ತಿರಲಿಲ್ಲ. ಅರಿಶಿನದ ಬಣ್ಣದ ಮೈ, ಅದರ ಮೇಲೆ ಕಪ್ಪು ಪಟ್ಟೆಗಳು, ಕೆಂಪು ಕಣ್ಣು, ಹೊಟ್ಟೆಯ ಕೆಳಗಿನ ರೆಕ್ಕೆಗೆ ಕೆಂಡದ ಬಣ್ಣ, ಬಾಲದ ಬುಡದಲ್ಲಿ ಹೊಂಬಣ್ಣದ ಉಂಗುರ ತೊಟ್ಟ ಇನ್ನೊಂದು ಕಪ್ಪು ಕಣ್ಣು. ನವಿಲುಗರಿಯಲ್ಲಿ ಇರುತ್ತದಲ್ಲ, ಅಂಥದ್ದು. ಅದಕ್ಕೇ ಅದರ ಹೆಸರು ಪೀಕಾಕ್ ಬಾಸ್. ಕೊಕ್ಕೆ ಬಿಡಿಸಿ ನೀರಿಗಿಳಿಸಿದೆ. ಒಂದು ಕ್ಷಣ ನನ್ನ ಅಂಗೈಯಲ್ಲೇ ನಿಂತು ಕಿವಿರು ಆಡಿಸಿ, ಬಾಲ ಬಡಿದು ಹೋಯಿತು.

ಸಂಜೆ ಮೈಸೂರಿನಿಂದ ಅಮ್ಮ ಫೋನು ಮಾಡಿದಾಗ ತಡೆಯಲಾಗದೆ ಹೇಳಿಬಿಟ್ಟೆ.

"ಮೀನು ಹಿಡಿದ್ಯಾ? ನೀನಾ?"

"ಹಿಡಿದು ವಾಪಸ್ ಬಿಟ್ಬಿಟ್ಟೆ ಅಮ್ಮ. ಯಾವಾಗ್ಲೂ ಬಿಡೋದೇ."

"ಬಿಡೋದಾದ್ರೆ ಹಿಡಿಯೋದ್ಯಾಕೋ?"

ಪಕ್ಕದಲ್ಲಿದ್ದ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು.

ಹೆಂಡತಿಯ ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ದ್ವೀಪದ ಇನ್ನೊಂದು ತುದಿಯಲ್ಲಿ, ಕ್ಲೆಮೆಂಟಿ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಅವಳು ಸಂಶೋಧಕಿ. ಅವಳ ವಿಷಯ ಗುಡುಗು ಮಳೆ. ಈ ಕಡೆ ರಾತ್ರಿ ಸುಮಾತ್ರಾ ದ್ವೀಪದ ಮೇಲೋ ಮಲಾಕ್ಕಾ ಜಲಸಂಧಿಯ ಮೇಲೋ ಗುಡುಗಿನ ಮೋಡಗಳು ಸಾಲುಗಟ್ಟಿ, ಬೆಳಗಿನ ಜಾವಕ್ಕೆ ಪಶ್ಚಿಮದಿಂದ ಸಿಂಗಪುರದ ಮೇಲೆ ನುಗ್ಗುತ್ತವೆ. ಊರಿನವರು ಅದನ್ನು ಚಿಕ್ಕದಾಗಿ 'ಸುಮಾತ್ರಾ' ಎನ್ನುತ್ತಾರೆ. ಆ ಸಾಲು ಹೇಗೆ ಹುಟ್ಟುತ್ತದೆ, ಎಷ್ಟು ವೇಗವಾಗಿ ಬರುತ್ತದೆ, ಯಾವಾಗ ಸಾಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಅವಳ ದಿನಚರಿ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಮಳೆಯ ಬಗ್ಗೆ ಯೋಚಿಸಿ, ಮಳೆ ಬಂದು ಹೋದದ್ದೇ ತಿಳಿಯದೆ MRT ರೈಲು ಹತ್ತಿ ಮನೆಗೆ ಬರುತ್ತಿದ್ದಳು.

ನನ್ನ ಮೀನು ಅವಳಿಗೆ ತಮಾಷೆಯಾಗಿತ್ತು. ಆದರೆ ನಾನು ಮನೆಗೆ ಬಂದು, ಇವತ್ತು ಒಂದೂ ಕಚ್ಚಲಿಲ್ಲ, ನಿನ್ನೆ ಸಂಜೆ ಮಳೆ ಬಂದಿತ್ತಲ್ಲ ಎಂದು ಹೇಳಲು ಶುರು ಮಾಡಿದ ಮೇಲೆ ಅವಳ ಕಿವಿ ನೆಟ್ಟಗಾಯಿತು.

"ಮಳೆಗೂ ಅದಕ್ಕೂ ಏನು ಸಂಬಂಧ? ನೀರು ಎಷ್ಟು ತಣ್ಣಗಾಗಿತ್ತು?"

"ತಣ್ಣಗಿತ್ತು."

"ತಣ್ಣಗಿತ್ತು ಅನ್ನೋದು ಡೇಟಾ ಅಲ್ಲ ಕಣೋ."

ಮುಂದಿನ ವಾರ ಮೈಸೂರು ಪಾಕಿನ ಪಾಕ ನೋಡಲೆಂದು ತಂದಿದ್ದ ಥರ್ಮಾಮೀಟರನ್ನು ನನ್ನ ಚೀಲಕ್ಕೆ ಹಾಕಿ ಕಳಿಸಿದಳು. ಮೈಸೂರು ಪಾಕು ಆಮೇಲೆ ನಮ್ಮ ಮನೆಯಲ್ಲಿ ಆಗಲೇ ಇಲ್ಲ.

ಹೀಗೆ ನಾನು ಹವಾಮಾನವನ್ನು ಮೀನಿನ ಕಡೆಯಿಂದ ಕಲಿತೆ. ನಾನು ಅದುವರೆಗೆ ಸಿಂಗಪುರಕ್ಕೆ ಹವಾಮಾನವೇ ಇಲ್ಲ, ವರ್ಷವಿಡೀ ಒಂದೇ ಸೆಖೆ, ನಡುನಡುವೆ ಮಳೆ ಎಂದುಕೊಂಡಿದ್ದೆ. ಕೆರೆಗೆ ಹಾಗಿರಲಿಲ್ಲ. ಬಿಸಿಲು ಬಿದ್ದಷ್ಟೂ ಈ ಮೀನಿಗೆ ಹುರುಪು. ಕಣ್ಣಿನಿಂದ ನೋಡಿ ಬೇಟೆಯಾಡುವ ಜಾತಿ, ಅದಕ್ಕೆ ಬೆಳಕೂ ಬೇಕು ಬೆಚ್ಚಗಿನ ನೀರೂ ಬೇಕು. ಮಧ್ಯಾಹ್ನದ ಒಂದು ಜೋರು ಮಳೆ ಮೇಲಿನ ನೀರನ್ನು ತಣ್ಣಗೆ ಮಾಡಿದರೆ ಮರುದಿನ ಬಿಸಿಲೇರುವವರೆಗೂ ಮೀನು ಬಾಯಿ ಬಿಡುವುದಿಲ್ಲ. ಡಿಸೆಂಬರಿನಲ್ಲಿ ಈಶಾನ್ಯದ ಮಳೆ ದಿನಗಟ್ಟಲೆ ಹಿಡಿದುಕೊಂಡರೆ ಕೆರೆಯಲ್ಲಿ ಮೀನು ಎನ್ನುವುದು ಇದೆಯೋ ಇಲ್ಲವೋ ಎಂದು ಅನುಮಾನವಾಗುವಷ್ಟು ನಿಶ್ಶಬ್ದ. ಮಳೆಗಾಲ ಮುಗಿದು ಒಣಹವೆ ಬಂತೆಂದರೆ ಗಂಡುಗಳ ನೆತ್ತಿಯ ಮೇಲೆ ಗೂಳಿಯ ಹಿಣಿಲಿನ ಹಾಗೆ ಒಂದು ಗುಬುಟು ಏಳುತ್ತದೆ, ಜೋಡಿಗಳು ದಂಡೆಗೆ ಬರುತ್ತವೆ.

ಒಂದು ವರ್ಷದ ಆರಂಭದಲ್ಲಿ ಮಳೆ ನಿಂತೇಹೋಯಿತು. ಯಾವಾಗಲೂ ಹಸಿರಾಗಿರುವ ಈ ಊರಿನ ಹುಲ್ಲು ಕಂದಾಗಿ ಕಾಲಡಿ ಮುರಿಯುತ್ತಿತ್ತು. ಆ ದಿನಗಳಲ್ಲಿ ಕೆರೆಯ ನೀರು ಗಾಜಿನ ಹಾಗೆ ತಿಳಿಯಾಗಿತ್ತು. ದಂಡೆಯ ಕಲ್ಲುಗಳ ಹತ್ತಿರ ಹೊಗೆಯಂಥದ್ದೇನೋ ನೀರಿನಲ್ಲಿ ಅಲೆದಾಡುವುದನ್ನು ನೋಡಿ ಬಗ್ಗಿದೆ. ಸಾವಿರಾರು ಮರಿಗಳು, ಒಂದೊಂದೂ ಜೀರಿಗೆ ಕಾಳಿನಷ್ಟು. ಅವುಗಳ ಒಂದು ಕಡೆ ತಾಯಿ, ಇನ್ನೊಂದು ಕಡೆ ತಂದೆ. ಒಂದು ಸಣ್ಣ ಮೀನು ಹತ್ತಿರ ಬಂತು; ತಂದೆ ಬಾಣದಂತೆ ಹೋಗಿ ಅದನ್ನು ಅಟ್ಟಿ ಬಂದು ಮತ್ತೆ ತನ್ನ ಜಾಗದಲ್ಲಿ ನಿಂತಿತು. ಇವು ಆಗ ಏನನ್ನು ಎಸೆದರೂ ಕಚ್ಚುತ್ತವೆ, ಹಸಿವಿನಿಂದಲ್ಲ, ಮರಿಗಳಿಗಾಗಿ. ನಾನು ರಾಡನ್ನು ಹುಲ್ಲಿನ ಮೇಲೆ ಮಲಗಿಸಿ ಕೂತುಬಿಟ್ಟೆ. ಮನೆಗೆ ಹೋದಾಗ ಕತ್ತು ಸುಟ್ಟು ಕೆಂಪಾಗಿತ್ತು.

ಹೊಗೆಯ ವರ್ಷವೂ ನೆನಪಿದೆ. ಆಚೆ ದ್ವೀಪಗಳಲ್ಲಿ ಹೊತ್ತಿದ ಕಾಡಿನ ಹೊಗೆ ವಾರಗಟ್ಟಲೆ ಊರನ್ನು ಮುಚ್ಚಿ, ಎಲ್ಲರೂ ಮಾಸ್ಕ್ ಕಟ್ಟಿಕೊಂಡು ಓಡಾಡುತ್ತಿದ್ದರು. ಹೆಂಡತಿ ಬೈದರೂ ಕೇಳದೆ ಒಂದು ಬೆಳಿಗ್ಗೆ ಕೆರೆಗೆ ಹೋದೆ. ಆಚೆ ದಡ ಇರಲಿಲ್ಲ. ಸೂರ್ಯ ಕುಂಕುಮದ ಬೊಟ್ಟಿನಂತೆ ನಿಂತಿದ್ದ, ಕಣ್ಣು ಚುಚ್ಚದೆ ನೇರವಾಗಿ ನೋಡಬಹುದಿತ್ತು. ನೀರಿನ ಮೇಲೆ ಒಂದು ಅಲೆಯಿಲ್ಲ. ಹುಸಿಮೀನು ನೀರಿಗೆ ಬಿದ್ದ ಸದ್ದು ನನಗೇ ಹೆದರಿಕೆ ಹುಟ್ಟಿಸಿತು. ಕೆಮ್ಮುತ್ತಾ ವಾಪಸು ಬಂದೆ.

ಅದರ ಮರುವರ್ಷ, ಊಟ ಮಾಡುತ್ತಾ ಕೂತಿದ್ದಾಗ ಹೆಂಡತಿ ಇದ್ದಕ್ಕಿದ್ದಂತೆ ಕೇಳಿದಳು, "ಸುಮಾತ್ರಾ ಬರೋದನ್ನ ನೀನು ಕೆರೆ ಹತ್ರ ನಿಂತು ನೋಡಿದೀಯಾ?"

"ಇಲ್ಲ. ಅದು ಬರೋ ಹೊತ್ತಿಗೆ ನಾನು ಮಲಗಿರ್ತೀನಿ. ಯಾಕೆ, ನೀನು ನೋಡಿಲ್ವಾ?"

ಅವಳು ಸಾರಿನಲ್ಲಿ ಚಮಚ ಆಡಿಸಿದಳು. "ರಾಡಾರ್‌ನಲ್ಲಿ ನೂರಾರು ನೋಡಿದೀನಿ. ಒಂದೊಂದೂ ಎಲ್ಲಿ ಬಗ್ಗತ್ತೆ, ಎಲ್ಲಿ ಮುರಿಯತ್ತೆ ಅಂತ ಹೇಳ್ತೀನಿ. ಹೊರಗೆ ನಿಂತು ಒಂದನ್ನೂ ನೋಡಿಲ್ಲ ಕಣೋ. ಯಾವಾಗ್ಲೂ ಎದ್ದು ಕಿಟಕಿ ಹಾಕಿದ್ದಷ್ಟೇ."

ಅಂದಿನಿಂದ ಅವಳು ಶುಕ್ರವಾರ, ಶನಿವಾರ ಮಲಗುವ ಮುಂಚೆ ಫೋನಿನಲ್ಲಿ ರಾಡಾರ್ ಚಿತ್ರ ನೋಡುವ ಅಭ್ಯಾಸ ಮಾಡಿಕೊಂಡಳು. ಜೂನ್ ತಿಂಗಳ ಒಂದು ಶನಿವಾರ ಕತ್ತಲು ಹರಿಯುವ ಹೊತ್ತಿಗೆ ನನ್ನ ಭುಜ ಅಲುಗಾಡಿಸಿದಳು. ಆಗಲೇ ಶೂ ಹಾಕಿಕೊಂಡಿದ್ದಳು.

"ಏಳು, ಏಳು. ಮಲಾಕ್ಕಾ ಕಡೆಯಿಂದ ಪೂರ್ತಿ ಲೈನ್ ಬರ್ತಿದೆ. ಮುರಿದಿಲ್ಲ. ರಾಡ್ ತಗೋ."

ನಾವು ಕೆರೆ ತಲುಪಿದಾಗ ಬೆಳಕು ಹರಿದಿತ್ತು. ಬೆವರು ಒರೆಸಿದಷ್ಟೂ ಬರುತ್ತಿತ್ತು. ಎಲೆ ಅಲುಗುತ್ತಿರಲಿಲ್ಲ. ಪೂರ್ವದಲ್ಲಿ ಆಕಾಶ ತಿಳಿಯಾಗಿತ್ತು, ಪಶ್ಚಿಮದಲ್ಲಿ ಬ್ಲಾಕುಗಳ ಮೇಲೆ ಒಂದು ನೀಲಿ ಕಪ್ಪು ಗೆರೆ, ಅಷ್ಟೇ. ನಾನು ಎಸೆದೆ, ಎಳೆದೆ, ಎಸೆದೆ. ಏನೂ ಇಲ್ಲ. ಅವಳು ನನ್ನ ಪಕ್ಕದಲ್ಲಿ ಫೋನು ಹಿಡಿದು ನಿಂತಿದ್ದಳು.

"ಟುವಾಸ್ ಮೇಲಿದೆ ಈಗ, ಪಶ್ಚಿಮದ ತುದೀಲಿ."

ನಾನು ಹುಸಿಮೀನು ಬದಲಾಯಿಸಿ, ನೀರಿನ ಮೇಲೆಯೇ ತೇಲುವ ಒಂದನ್ನು ಕಟ್ಟಿದೆ.

"ನನ್ನ ಲ್ಯಾಬ್ ಮೇಲೆ ಬಂತು. ಕ್ಲೆಮೆಂಟಿಯವರು ಎಲ್ಲ ಎದ್ದಿರ್ತಾರೆ ಈಗ."

ಆಗ ಮೊದಲ ಬದಲಾವಣೆ ನೀರಿನಲ್ಲಾಯಿತು. ನಮ್ಮ ಬಲಗಡೆ, ದಂಡೆಯ ಹತ್ತಿರ, ಒಂದು ಹಿಡಿ ಮರಳು ಎಸೆದಂತೆ ಸಣ್ಣ ಮೀನುಗಳು ಚಿಮ್ಮಿ ಬಿದ್ದವು. ಅವುಗಳ ಬೆನ್ನಿಗೇ ನೀರು ಒಡೆಯಿತು. ಎಡಗಡೆ ಇನ್ನೊಂದು. ನಡುನೀರಿನಲ್ಲಿ ಮತ್ತೊಂದು. ನೋಡನೋಡುತ್ತಿದ್ದಂತೆ ಇಡೀ ದಂಡೆಯುದ್ದಕ್ಕೂ ನೀರು ಕುದಿಯತೊಡಗಿತು. ಅಷ್ಟು ಹೊತ್ತು ಸತ್ತಂತಿದ್ದ ಕೆರೆಯಲ್ಲಿ ಇಷ್ಟು ಬಾಸ್ ಇದ್ದವೇ ಎಂದು ನಾನು ಬೆರಗಾದೆ. ವರ್ಷಗಟ್ಟಲೆ ಬಂದಿದ್ದೇನೆ, ಅಂಥದ್ದನ್ನು ಕಂಡಿರಲಿಲ್ಲ. ಚಿನ್ನದ ಬೆನ್ನುಗಳು ಅರ್ಧ ಹೊರಗೆ ಬಂದು ತಿರುಗುತ್ತಿದ್ದವು. ಸಣ್ಣ ಮೀನುಗಳು ಜೀವ ಉಳಿಸಿಕೊಳ್ಳಲು ಕಲ್ಲಿನ ಮೇಲೆಯೇ ಹಾರಿ ಬೀಳುತ್ತಿದ್ದವು.

"ಏನಾಗ್ತಿದೆ ಇವಕ್ಕೆ?" ಎಂದು ಅವಳು ಪಿಸುಗುಟ್ಟಿದಳು.

ನಾನು ಎಸೆದೆ. ಹುಸಿಮೀನು ನೀರು ಮುಟ್ಟಿದ್ದೇ ಮಾಯವಾಯಿತು. ರೀಲು ಕಿರುಚಿತು. ಅಷ್ಟರಲ್ಲಿ ಅವಳು ನನ್ನ ಅಂಗಿ ಹಿಡಿದು ಎಳೆದಳು. ತಲೆ ಎತ್ತಿ ನೋಡಿದೆ.

ಪಶ್ಚಿಮದ ಗೆರೆ ಈಗ ಗೋಡೆಯಾಗಿತ್ತು. ಉತ್ತರದಿಂದ ದಕ್ಷಿಣದವರೆಗೆ ಆಕಾಶಕ್ಕೆ ಅಡ್ಡಲಾಗಿ ಒಂದು ಕಪ್ಪು ಮೋಡ ಸುರುಳಿಯಾಗಿ ಉರುಳಿಕೊಂಡು ಬರುತ್ತಿತ್ತು. ಅದರ ಅಂಚು ಸುತ್ತಿಟ್ಟ ಹಾಸಿಗೆಯ ಹಾಗೆ ದುಂಡಗಿತ್ತು, ಅಡಿಯಲ್ಲಿ ಬೂದು ಹಸಿರು ಬೆಳಕು. ದೂರದ ಬ್ಲಾಕುಗಳು ಒಂದೊಂದಾಗಿ ಅದರೊಳಗೆ ಹೋಗಿ ಇಲ್ಲವಾಗುತ್ತಿದ್ದವು. ಹೆಂಡತಿ ಫೋನನ್ನು ಜೇಬಿಗೆ ಹಾಕಿದಳು.

ಗುಡುಗಿತು. ಹಿಂದೆಯೇ, ದೋಣಿ ನಡೆಸುವವರ ಕಟ್ಟಡದ ಕಡೆಯಿಂದ ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿತು.

"ರಾಡ್ ಕೆಳಗಿಡು!"

"ಮೀನಿದೆ ಕಣೇ, ಬಾಯಲ್ಲಿ ಕೊಕ್ಕೆ ಇದೆ. ಹಾಗೇ ಬಿಟ್ಟು ಹೋಗೋಕಾಗಲ್ಲ."

"ಕಾರ್ಬನ್ ರಾಡ್ ಅದು, ಸಿಡಿಲನ್ನ ಎಳ್ಕೊಳ್ಳತ್ತೆ! ಕೆಳಗಿಡು, ದಾರ ಹಿಡಿದು ಎಳಿ!"

ರಾಡನ್ನು ಹುಲ್ಲಿನ ಮೇಲೆ ಹಾಕಿ, ಮಂಡಿಯೂರಿ ದಾರವನ್ನು ಕೈಗೆ ಸುತ್ತಿಕೊಳ್ಳದೆ ಗೇಣು ಗೇಣಾಗಿ ಎಳೆದೆ. ಬೆರಳು ಕೊಯ್ದವು. ದೊಡ್ಡ ಮೀನು, ಎರಡೂ ಕೈ ಹಾಕಿ ಹಿಡಿದ ಮೇಲೆ ಕೊಕ್ಕೆ ಬಿಡಿಸಲು ಕೈ ಉಳಿಯಲಿಲ್ಲ. ಆವರೆಗೆ ಬದುಕಿನಲ್ಲಿ ಮೀನು ಮುಟ್ಟದ ನನ್ನ ಹೆಂಡತಿ ನನ್ನ ಚೀಲದಿಂದ ಇಕ್ಕಳ ತೆಗೆದುಕೊಂಡು, ಶೂ ಸಮೇತ ನೀರಿಗಿಳಿದು, ಎಡಗೈಯಲ್ಲಿ ಅದರ ದವಡೆ ಹಿಡಿದಳು.

"ಯಾವ ಕಡೆ ತಿರುಗಿಸ್ಲಿ?"

"ಬಂದ ದಾರೀಲೇ ಹಿಂದಕ್ಕೆ. ನಿಧಾನ."

ಕೊಕ್ಕೆ ಬಂತು. ಮೀನು ಒಮ್ಮೆ ಅವಳ ಮಣಿಕಟ್ಟಿಗೆ ಬಾಲದಿಂದ ಬಡಿದು ಹೋಯಿತು. ನಾವು ರಾಡನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ ಓಡಿದೆವು.

ಎದುರಿನ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದ ವಾಯ್ಡ್ ಡೆಕ್ ಸೇರಿದ ಮೇಲೆ ತಿರುಗಿ ನಿಂತೆವು. ಮಾರ್ಕೆಟ್ಟಿನಿಂದ ತರಕಾರಿಯ ಗಾಡಿ ಎಳೆದುಕೊಂಡು ಬಂದ ಒಬ್ಬ ಚೀನೀ ಆಂಟಿ ಆಗಲೇ ಅಲ್ಲಿದ್ದರು. ಮೊದಲು ಬಂದದ್ದು ತಂಪು. ಮಳೆಯಿಲ್ಲ, ಗಾಳಿಯೂ ಇಲ್ಲ, ಯಾರೋ ದೊಡ್ಡ ಬಾಗಿಲು ತೆರೆದ ಹಾಗೆ ಮೈಮೇಲೆ ತಂಪು ಬಿತ್ತು. ಹೆಂಡತಿ ತನ್ನ ತೋಳನ್ನು ಮುಂದೆ ಚಾಚಿದಳು, ರೋಮ ಎದ್ದು ನಿಂತಿತ್ತು. ಆಮೇಲೆ ಆಚೆ ದಡದ ಮರಗಳು ಒಟ್ಟಿಗೇ ಬಾಗಿದವು. ಗಾಳಿ ಕೆರೆಗೆ ಇಳಿಯುವುದು ಕಣ್ಣಿಗೆ ಕಂಡಿತು: ನೀರಿನ ಮೇಲೆ ಒಂದು ಬಿಳಿಯ ಅಂಚು, ಅದರ ಹಿಂದೆ ಕಪ್ಪು, ಆ ದಡದಿಂದ ಈ ದಡಕ್ಕೆ ಓಡಿ ಬಂತು. ಅದು ನಮ್ಮನ್ನು ಮುಟ್ಟಿದಾಗ ಆಂಟಿಯ ಗಾಡಿ ತಾನೇ ಉರುಳಿಕೊಂಡು ಹೊರಟಿತು, ನಾನು ಹಿಡಿದೆ. ಕೊಂಬೆಗಳು ಮುರಿಯುವ ಸದ್ದು, ಮೇಲಿನ ಮನೆಗಳಲ್ಲಿ ಕಿಟಕಿಗಳು ಬಡಿಯುವ ಸದ್ದು. ಒಣಹಾಕಿದ್ದ ಬಿದಿರಿನ ಕೋಲಿನ ಸಮೇತ ಯಾರದೋ ಬಟ್ಟೆಗಳು ಹಾರಿ ಬಿದ್ದವು. ಎಲ್ಲದರ ಹಿಂದೆ ಒಂದೇ ಸಮನೆ ಮೊರೆತ. ಆಮೇಲೆ ಮಳೆ. ಕೆರೆ, ರಸ್ತೆ, ಎದುರಿನ ಮರ ಎಲ್ಲ ಹೋದವು.

"Wah, this one big, ah," ಎಂದರು ಆಂಟಿ, ಎಲ್ಲರ ಪರವಾಗಿ.

ಹೆಂಡತಿಯ ಕಣ್ಣಿನಲ್ಲಿ ನೀರಿತ್ತು. ಅವಳು ಏನೋ ಹೇಳಿದಳು, ಕೇಳಿಸಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಮತ್ತೆ ಹೇಳಿದಳು.

"ಇದು ಇಷ್ಟೊಂದು ಸದ್ದು ಮಾಡತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಆರ್ಭಟ ಬೇಗ ಮುಗಿಯಿತು. ಬಹಳ ಹೊತ್ತು ಸಮನಾದ ಮಳೆ ಸುರಿದು, ಸೈರನ್ ಎಲ್ಲ ಸರಿ ಎಂದು ಕೂಗಿದ ಮೇಲೆ ಕೆರೆಗೆ ವಾಪಸು ಹೋದೆವು. ರಾಡು ಹುಲ್ಲಿನಲ್ಲೇ ಬಿದ್ದಿತ್ತು. ನೀರಿನ ಮೇಲೆಲ್ಲ ಎಲೆ, ಕಡ್ಡಿ, ದಂಡೆಯಿಂದ ಇಳಿದ ಕೆಮ್ಮಣ್ಣಿನ ಗೀರುಗಳು. ಥರ್ಮಾಮೀಟರ್ ಅದ್ದಿ ನೋಡಿ ಅವಳೇ ತಲೆಯಾಡಿಸಿದಳು. ನಾನು ಸುಮ್ಮನೆ ನಾಲ್ಕಾರು ಸಲ ಎಸೆದೆ. ಅಷ್ಟು ಮೀನುಗಳಲ್ಲಿ ಒಂದರ ಸುಳಿವೂ ಇರಲಿಲ್ಲ.

ಒದ್ದೆ ಬೆಂಚಿನ ಮೇಲೆ ಕೂತು ನಾನು ಕೇಳಿದೆ, "ಅವಕ್ಕೆ ಮುಂಚೇನೇ ಹೇಗೆ ಗೊತ್ತಾಯ್ತು? ಏರ್ ಪ್ರೆಷರ್ ಬಿದ್ದಿದ್ದು ಗೊತ್ತಾಗತ್ತೆ ಅಂತ ಎಲ್ಲರೂ ಹೇಳ್ತಾರೆ."

ಅವಳು ಯೋಚಿಸಿದಳು. "ಅದು ಸರಿ ಹೊಂದಲ್ಲ. ಮೀನು ನೀರಲ್ಲಿ ಒಂದು ಮೊಳ ಕೆಳಗೆ ಹೋದ್ರೂ ಸಾಕು, ಈ ಇಡೀ ಸುಮಾತ್ರಾ ತಂದಿದ್ದಕ್ಕಿಂತ ಎಷ್ಟೋ ಜಾಸ್ತಿ ಪ್ರೆಷರ್ ಬದಲಾಗತ್ತೆ. ದಿನಕ್ಕೆ ಎಷ್ಟು ಸಲ ಮೇಲೆ ಕೆಳಗೆ ಓಡಾಡ್ತವೆ ಅವು! ಅಷ್ಟರಲ್ಲಿ ಈ ಚೂರು ಬದಲಾವಣೆ ಹೇಗೆ ಗೊತ್ತಾಗಬೇಕು?"

"ಹಾಗಾದ್ರೆ ಬೆಳಕಾ? ಮೋಡ ಬಂದು ಕತ್ತಲಾಯ್ತಲ್ಲ."

"ಅವು ಶುರು ಮಾಡಿದಾಗ ನಮ್ಮ ತಲೆ ಮೇಲೆ ಇನ್ನೂ ಬೆಳಕಿತ್ತು. ನೋಡಿದ್ವಲ್ಲ." ಮಣಿಕಟ್ಟಿನ ಮೇಲೆ ಅಂಟಿದ್ದ ಮೀನಿನ ಒಂದು ಹುರುಪೆಯನ್ನು ಅವಳು ಉಗುರಿನಿಂದ ಎತ್ತಿ ಬೆಳಕಿಗೆ ಹಿಡಿದಳು. "ಗುಡುಗು ನೀರಿನ ಮೂಲಕ ಕೇಳಿಸಿತಾ? ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ ಕಣೋ."

ಗೊತ್ತಿಲ್ಲ ಎನ್ನುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿದ್ದು ಬಹುಶಃ ನಮ್ಮ ಮದುವೆಗೆ ಮುಂಚೆ, ಅವಳು ಇನ್ನೂ ಓದುತ್ತಿದ್ದಾಗ. ಹಾಗೇ ಒದ್ದೆ ಬಟ್ಟೆಯಲ್ಲಿ ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಹೋಗಿ, ಬಿಸಿ ಚಹಾ ಕುಡಿದು, ದೋಸೆ ತಿಂದೆವು. ಅವಳು ಗಾಳಿ ಬಂದ ರೀತಿಯನ್ನು ಮೇಜಿನ ಮೇಲೆ ಕೈಯಾಡಿಸಿ ನನಗೇ ಎರಡು ಸಲ ವಿವರಿಸಿದಳು, ನಾನು ಅಲ್ಲಿ ಇರಲಿಲ್ಲವೇನೋ ಎನ್ನುವಂತೆ.

ಆಮೇಲೆ ಅವಳು ಎಷ್ಟೋ ಶನಿವಾರ ನನ್ನ ಜೊತೆ ಬಂದಳು. ರಾಡು ಹಿಡಿಯಲಿಲ್ಲ, ಹಿಡಿಯುವ ಆಸೆಯೂ ಇರಲಿಲ್ಲ; ಮೀನು ಬಂದರೆ ಇಕ್ಕಳ ಮಾತ್ರ ಅವಳದು. ಆ ಬೆಳಗಿನಂಥ ಕೆರೆ ನಮಗೆ ಇನ್ನೊಮ್ಮೆ ಸಿಗಲಿಲ್ಲ. ಎರಡು ಸಲ ಸುಮಾತ್ರಾ ಬರುವಾಗ ಅಲ್ಲೇ ಇದ್ದೆವು. ಒಂದು ಸಲ ನೀರು ಕಲ್ಲಿನಂತೆ ಸುಮ್ಮನಿತ್ತು, ಇನ್ನೊಂದು ಸಲ ಸಾಲೇ ಹರಿದು ಚೂರಾಗಿ ನಮ್ಮ ತಲೆಯ ಮೇಲೆ ಹನಿ ಹಾಕಿ ಹೋಯಿತು.

ಕೆಲಸದ ದಿನಗಳಲ್ಲಿ ತಡವಾಗಿ ಬರುವ ಸುಮಾತ್ರಾಗಳೂ ಇರುತ್ತವೆ, ಆಫೀಸು ಶುರುವಾದ ಮೇಲೆ. ಅಂಥ ಒಂದು ಬೆಳಿಗ್ಗೆ ನಾನು ಮೀಟಿಂಗಿನಲ್ಲಿದ್ದಾಗ ಅವಳ ಮೆಸೇಜು ಬಂತು. ಅವಳು ಅಂದು ಲ್ಯಾಬಿನ ಕೋಣೆ ಬಿಟ್ಟು, ವಿದ್ಯಾರ್ಥಿಗಳನ್ನೆಲ್ಲ ಕರೆದುಕೊಂಡು ಕಟ್ಟಡದ ಕೊನೆಯ ಮಹಡಿಯ ಗಾಜಿನ ಮುಂದೆ ನಿಂತಿದ್ದಳಂತೆ. "ನಮ್ಮನ್ನ ದಾಟಿತು. ಕಿಟಕಿ ಹತ್ರ ಹೋಗು," ಎಂದಷ್ಟೇ ಬರೆದಿದ್ದಳು.

ಎದ್ದು ಹೋದೆ. ಯಾಕೆ ಎಂದು ಒಬ್ಬರು ಕೇಳಿದರು, ನಾನು ಕೈ ತೋರಿಸಿದೆ. ಮಾತನಾಡುತ್ತಿದ್ದವರು ಮಾತು ನಿಲ್ಲಿಸಿದರು. ಒಬ್ಬೊಬ್ಬರಾಗಿ ಕುರ್ಚಿ ಸರಿಸಿ ಬಂದು ಗಾಜಿನ ಉದ್ದಕ್ಕೂ ನಿಂತರು. ಪಶ್ಚಿಮದಲ್ಲಿ ಊರು ಸಾಲುಸಾಲಾಗಿ ಅಳಿಸಿಹೋಗುತ್ತಿತ್ತು. ಪೂರ್ವಕ್ಕೆ, ಬೆಡೋಕ್ ಕಡೆ, ಇನ್ನೂ ಬಿಸಿಲಿತ್ತು.